ಕಾರಿನ ಟಾಪಿನ ಮೇಲೆ ನನ್ನ ಆಂಟೆನಾ

ಕಾರಿಗೆ ಹ್ಯಾಮ್ ರೇಡಿಯೊ (ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊ) ಹಾಕಿದಾಗ ಮೊದಲು ತಂದದ್ದು ಐದು ಬೈ ಎಂಟು ಆಂಟೆನಾ. ಅಂದರೆ ರೇಡಿಯೊ ತರಂಗದ ಉದ್ದದ ಎಂಟನೇ ಐದು ಭಾಗ, ಸುಮಾರು ಒಂದೂಕಾಲು ಮೀಟರ್ ಉದ್ದ. ಹಾಸನದ ಬಯಲು ರಸ್ತೆಯಲ್ಲಿ ದೂರದವರೂ ಸ್ಪಷ್ಟವಾಗಿ ಸಿಕ್ಕರು. ಆದರೆ ಶಿರಾಡಿ ಘಾಟಿಯಲ್ಲಿ, ಮೇಲೆ ಗುಡ್ಡದಲ್ಲಿದ್ದ ಗೆಳೆಯನಿಗೆ ನನ್ನ ದನಿ ಮುರಿದು ಮುರಿದು ಕೇಳಿತು. ಆ ಆಂಟೆನಾ ಹೆಚ್ಚಿನ ಶಕ್ತಿಯನ್ನು ದಿಗಂತದ ಕಡೆಗೇ ಕಳಿಸುತ್ತದೆ. ಘಾಟಿಯಲ್ಲಿ ಸ್ವಲ್ಪ ಮೇಲಕ್ಕೂ ಹೋಗಬೇಕಲ್ವಾ?

ಹಾಗಾಗಿ ಮೇಲಕ್ಕೂ ಶಕ್ತಿ ಕಳಿಸುವ ಕ್ವಾರ್ಟರ್ ವೇವ್‌ಗೆ, ಅಂದರೆ ತರಂಗದ ಕಾಲು ಭಾಗದಷ್ಟು ಉದ್ದದ ಸರಳಿಗೆ ಬಂದೆ. ನಮ್ಮ 2 ಮೀಟರ್ ಬ್ಯಾಂಡ್ (ತರಂಗದ ಉದ್ದ ಸುಮಾರು 2 ಮೀಟರ್ ಇರುವ ಆವರ್ತನಗಳು) 144ರಿಂದ 146 ಮೆಗಾಹರ್ಟ್ಸ್. ನಡುವಿನ 145ಕ್ಕೆ ಸುಮಾರು 49 ಸೆಂಟಿಮೀಟರ್ ಸಾಕು. ನಾನು 52ಕ್ಕೆ ಕತ್ತರಿಸಿ, ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ರೇಡಿಯೊಗೆ ಎಷ್ಟು ಹೊಂದುತ್ತದೆ ಎಂದು ತೋರಿಸುವುದು; 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) ನೋಡುತ್ತಾ ಎರಡೆರಡು ಮಿಲಿಮೀಟರ್ ಕಡಿಮೆ ಮಾಡುತ್ತಾ ಹೋದೆ. 144ರ ಹತ್ತಿರ ರೀಡಿಂಗ್ ಕಡಿಮೆ, 146ರ ಹತ್ತಿರ ಜಾಸ್ತಿ ಬಂದರೆ ಸರಳು ಇನ್ನೂ ಉದ್ದವಿದೆ ಎಂದರ್ಥ. ಅವಸರಪಟ್ಟು ಜಾಸ್ತಿ ಕತ್ತರಿಸಿದರೆ ಮತ್ತೆ ಹೊಸ ಸರಳೇ ಬೇಕು.

ಆದರೆ ಆಂಟೆನಾಗಿಂತ ಅದನ್ನು ಕೂರಿಸುವ ಜಾಗ ಮುಖ್ಯ. ಡಿಕ್ಕಿಯ ಅಂಚಿನಲ್ಲಿಟ್ಟಾಗ ಒಂದು ದಿಕ್ಕಿಗೆ ಚೆನ್ನಾಗಿ, ಇನ್ನೊಂದು ದಿಕ್ಕಿಗೆ ಮಂಕಾಗಿ ಹೋಗುತ್ತಿತ್ತು. ಕ್ವಾರ್ಟರ್ ವೇವ್‌ಗೆ ಟಾಪಿನ ತಗಡೇ ಅರ್ಧ ಆಂಟೆನಾ. ಅದೇ ಸರಳನ್ನು ಟಾಪಿನ ನಟ್ಟನಡುವೆ ಮ್ಯಾಗ್ನೆಟ್ ಮೌಂಟಿನಲ್ಲಿ ನಿಲ್ಲಿಸಿದ ಮೇಲೆ ಸುತ್ತಲೂ ಒಂದೇ ಸಮ. ತೂತು ಕೊರೆಯುವ ಕೆಲಸವೇ ಬರಲಿಲ್ಲ. ಗಾಜಿನ ಟಾಪಿಗೂ ಅಲ್ಯೂಮಿನಿಯಂ ಬಾಡಿಗೂ ಮಾತ್ರ ಮ್ಯಾಗ್ನೆಟ್ ಅಂಟುವುದಿಲ್ಲ.

ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟಿನಿಂದ ತೆಗೆಯಬೇಡಿ. 50 ವ್ಯಾಟ್ ರೇಡಿಯೊ ಮಾತಾಡುವಾಗ ಸುಮಾರು 10 ಆಂಪ್ ಎಳೆಯುತ್ತದೆ. ನಾನು ನೇರ ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಆಂಟೆನಾದಿಂದ ರೇಡಿಯೊಗೆ ಬರುವ ಕೇಬಲ್. ಹಿಂದಿನ ಬಾಗಿಲಿನ ರಬ್ಬರ್ ಸಂದಿಯಲ್ಲಿ ಸುಮ್ನೆ ತೂರಿಸಿ ಬಾಗಿಲು ಹಾಕಿಬಿಡುತ್ತಿದ್ದೆ. ಮೊದಲ ಮಳೆಗಾಲದಲ್ಲೇ 1.3 ಇದ್ದ ಎಸ್‌ಡಬ್ಲ್ಯುಆರ್ 3ಕ್ಕೆ ಏರಿತು. ಅಲ್ಲೇ ಕೇಬಲಿನ ಕಪ್ಪು ಹೊದಿಕೆಯನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಒಳಗಿನ ತಾಮ್ರದ ಜಾಲರಿ ಹಸಿರುಗಟ್ಟಿತ್ತು, ಬೆರಳಿಗೆ ನೀರು ಹತ್ತಿತು. ಈಗ ಹೊಸ ಕೇಬಲನ್ನು ಡಿಕ್ಕಿ ಬಾಗಿಲಿನ ಮೇಲೆ, ರಬ್ಬರ್ ಮೆತ್ತಗಿರುವ ಕಡೆ ಒಳಗೆ ಬಿಟ್ಟಿದ್ದೇನೆ. ಒಳಹೋಗುವ ಮೊದಲು ಹೊರಗೆ ಸ್ವಲ್ಪ ಕೆಳಕ್ಕೆ ಜೋತಾಡುವಂತೆ ಬಾಗಿಸಿದ್ದೇನೆ. ಮಳೆನೀರು ಆ ಬಾಗಿನಲ್ಲೇ ಹನಿಹನಿಯಾಗಿ ಬಿದ್ದುಹೋಗುತ್ತದೆ.

ವಾರಕ್ಕೊಮ್ಮೆ ಮ್ಯಾಗ್ನೆಟ್ ಎತ್ತಿ ಅಡಿಯ ಧೂಳು ಒರೆಸುತ್ತೇನೆ. ಇಲ್ಲದಿದ್ದರೆ ಪೇಂಟ್ ಗೀಚಿ ಅಲ್ಲಿ ತುಕ್ಕು ಹಿಡಿಯುತ್ತದೆ.