ಲೇತ್ ಕಲಿಯಲು ನಾನು ಚಾನೆಲ್ ಹುಡುಕಿದ ಬಗೆ

ಲೇತ್ ಅಂದರೆ ಲೋಹದ ರಾಡನ್ನು ತಿರುಗಿಸುತ್ತಾ ಟೂಲಿನಿಂದ ಕಡಿದು ಆಕಾರ ಕೊಡುವ ಯಂತ್ರ. ಯೂಟ್ಯೂಬ್‌ನಲ್ಲಿ ಸುಮ್ನೆ ‘ಲೇತ್ ಮಷಿನ್’ ಅಂತ ಹುಡುಕಿ ನೋಡಿ. ಮೊದಲು ಬರುವುದು ಐಟಿಐ ಪರೀಕ್ಷೆಯ ಪಾಠಗಳು. ಬೋರ್ಡಿನ ಮೇಲೆ ಚಿತ್ರ ಬರೆದು ಹೆಡ್‌ಸ್ಟಾಕ್, ಟೇಲ್‌ಸ್ಟಾಕ್, ಕ್ಯಾರೇಜ್ ಅಂತ ಹೆಸರು ಹೇಳಿಸುತ್ತಾರೆ. ಅದರ ಕೆಳಗೆ ತುಕ್ಕು ಹಿಡಿದ ಕೊಡಲಿಯನ್ನು ಕನ್ನಡಿಯಂತೆ ಹೊಳೆಸುವವರು. ಅದರ ಕೆಳಗೆ ಮಷಿನ್ ಮಾರುವವರು. ಪರೀಕ್ಷೆ ಬರೆಯುವವರಿಗೆ ಮೊದಲನೆಯದು ಬೇಕೇ ಬೇಕು. ಆದರೆ ಶೆಡ್ಡಿನಲ್ಲಿ ಹಳೆ ಲೇತ್ ಇಟ್ಟುಕೊಂಡು, ರಜೆ ದಿನ ಏನಾದರೂ ಮಾಡೋಣ ಅಂತ ನಿಂತವನಿಗೆ ಈ ಮೂರರಿಂದಲೂ ಕೆಲಸ ಆಗುವುದಿಲ್ಲ.

ನಾನಿರುವುದು ಹುಬ್ಬಳ್ಳಿಯಲ್ಲಿ, ಕೆಲಸ ಬ್ಯಾಂಕಿನದು. ಟರ್ನರ್ ಟ್ರೇಡ್, ಅಂದರೆ ಲೇತ್ ಕೆಲಸ, ಓದಿದವನಲ್ಲ. ನನ್ನ ಮಷಿನ್ ರಾಜಕೋಟ್ ಕಡೆಯದು, ಸೆಕೆಂಡ್‌ಹ್ಯಾಂಡ್. ನಾಲ್ಕೂವರೆ ಅಡಿ ಬೆಡ್, ಕೋನ್ ಪುಲ್ಲಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿರುವ ಬೆಲ್ಟಿನ ಗಾಲಿ. ಸ್ಪೀಡ್ ಬದಲಿಸಬೇಕೆಂದರೆ ಮೋಟರ್ ನಿಲ್ಲಿಸಿ, ಬೆಲ್ಟನ್ನು ಕೈಯಿಂದಲೇ ಪಕ್ಕದ ಮೆಟ್ಟಿಲಿಗೆ ಏರಿಸಬೇಕು. ರಾಡ್ ಹಿಡಿಯುವ ಚಕ್, ಅದನ್ನು ತಿರುಗಿಸುವ ಸ್ಪಿಂಡಲ್‌ನ ಮೂತಿಗೆ ಥ್ರೆಡ್‌ನಿಂದ, ಅಂದರೆ ಬಾಟಲಿ ಮುಚ್ಚಳದಂತೆ ತಿರುಗಿಸಿ, ಕೂತಿದೆ. ಈ ಕೊನೆಯ ಸಂಗತಿ ನೆನಪಿರಲಿ. ಯಾವ ಚಾನೆಲ್ ನನಗೆ, ಯಾವುದು ನನಗಲ್ಲ ಅಂತ ತೀರ್ಮಾನ ಮಾಡಿದ್ದೇ ಅದು.

ಮೊದಲು ನಾನು ಕಂಡುಕೊಂಡದ್ದು ಇಷ್ಟು: ಮಷಿನ್ ಹೆಸರು ಹಾಕಿ ಹುಡುಕಬಾರದು, ಕೈಗೆ ಸಿಕ್ಕಿಕೊಂಡ ತೊಂದರೆ ಹಾಕಿ ಹುಡುಕಬೇಕು. 25 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡ್ ಕತ್ತರಿಸಲು ಪಾರ್ಟಿಂಗ್ ಟೂಲ್, ಅಂದರೆ ತುಂಡು ಮಾಡುವ ತೆಳು ಟೂಲ್, ಒಳಗೆ ಬಿಡುತ್ತಿದ್ದಂತೆ ಮಷಿನ್ ಕಿರುಚುತ್ತಿತ್ತು. ಕತ್ತರಿಸಿದ ಮುಖದ ಮೇಲೆ ಅಲೆ ಅಲೆ ಗೆರೆ. ಈ ಅದುರುವಿಕೆಗೆ ಚಾಟರ್ ಅನ್ನುತ್ತಾರೆ. ‘ಪಾರ್ಟಿಂಗ್ ಆಫ್ ಚಾಟರ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಬೇರೆಯೇ ಲೋಕ ತೆರೆಯಿತು. ಅಲ್ಲಿದ್ದವರೆಲ್ಲ ಅದೇ ತೊಂದರೆ ತಿಂದವರು.

ಒಂದೇ ಪ್ರಶ್ನೆಗೆ ನಾಲ್ಕೈದು ಜನರ ಉತ್ತರ ಒಟ್ಟಿಗೆ ನೋಡಿದರೆ ಒಂದು ಲಾಭವಿದೆ. ಎಲ್ಲರೂ ಒಪ್ಪುವ ಮಾತು ಯಾವುದು ಅಂತ ತಾನಾಗಿಯೇ ಗೊತ್ತಾಗುತ್ತದೆ. ಟೂಲ್ ತುದಿ ಸರಿಯಾಗಿ ಸೆಂಟರ್ ಎತ್ತರದಲ್ಲಿ, ಅಂದರೆ ತಿರುಗುವ ರಾಡ್‌ನ ನಡುಮಧ್ಯದ ಮಟ್ಟದಲ್ಲಿರಬೇಕು. ಟೂಲ್ ಹೋಲ್ಡರ್‌ನಿಂದ ಜಾಸ್ತಿ ಹೊರಗೆ ಚಾಚಿರಬಾರದು. ಚಕ್‌ಗೆ ಹತ್ತಿರದಲ್ಲೇ ಕತ್ತರಿಸಬೇಕು. ಟೂಲ್ ಹೊತ್ತು ಸರಿಯುವ ಕ್ಯಾರೇಜನ್ನು ಲಾಕ್ ಮಾಡಿರಬೇಕು. ಎಣ್ಣೆ ಬಿಡುತ್ತಿರಬೇಕು. ಇಷ್ಟಕ್ಕೆ ಯಾರದೂ ತಕರಾರಿಲ್ಲ. ಜಗಳ ಶುರುವಾಗುವುದು ಆಮೇಲೆ. ಒಬ್ಬರು ಸ್ಪೀಡ್ ಇಳಿಸಿ ಅನ್ನುತ್ತಾರೆ, ಇನ್ನೊಬ್ಬರು ಹೆದರದೆ ಫೀಡ್, ಅಂದರೆ ಟೂಲ್ ಒಳಗೆ ನುಗ್ಗುವ ವೇಗ, ಜಾಸ್ತಿ ಮಾಡಿ ಅನ್ನುತ್ತಾರೆ. ಅಂಥಲ್ಲಿ ಮಾತು ಬಿಟ್ಟು ಅವರ ಮಷಿನ್ ನೋಡಬೇಕು. ಟನ್‌ಗಟ್ಟಲೆ ತೂಕದ ಲೇತ್ ಮುಂದೆ ನಿಂತವರ ಧೈರ್ಯ ನನ್ನ ಕೋನ್ ಪುಲ್ಲಿಗೆ ಒಗ್ಗುವುದಿಲ್ಲ, ಅಲ್ವಾ?

ಹೀಗೆ ಸಿಕ್ಕಿದವರಲ್ಲಿ ನಾನು ಹಿಡಿದುಕೊಂಡದ್ದು ಎಂಆರ್‌ಪೀಟ್222 ಚಾನೆಲ್. ಅಮೆರಿಕದ ಇಲಿನಾಯ್ಸ್‌ನ ನಿವೃತ್ತ ವರ್ಕ್‌ಶಾಪ್ ಮೇಷ್ಟ್ರು. ಟ್ಯೂಬಲ್‌ಕೇನ್ ಅಂತ ಇನ್ನೊಂದು ಹೆಸರಿಟ್ಟುಕೊಂಡಿದ್ದಾರೆ. ಥಳಕು ಬಳಕು ಏನೂ ಇಲ್ಲ. ಹೈಸ್ಕೂಲ್ ಹುಡುಗರಿಗೆ ಹೇಳುವಂತೆ ಒಂದೊಂದೇ ಹೆಜ್ಜೆ. ಕೆಲವರಿಗೆ ನಿದ್ದೆ ಬರಬಹುದು. ನನಗೆ ಅವರು ಹತ್ತಿರವಾದದ್ದಕ್ಕೆ ಕಾರಣ ಅವರ ಸೌತ್ ಬೆಂಡ್ ಕಂಪನಿಯ ಲೇತ್. ಹಳೆ ಸೌತ್ ಬೆಂಡ್‌ನಲ್ಲೂ ಬೆಲ್ಟ್, ಕೋನ್ ಪುಲ್ಲಿ, ಥ್ರೆಡ್ ಇರುವ ಸ್ಪಿಂಡಲ್. ನನ್ನ ರಾಜಕೋಟ್ ಮಷಿನ್‌ಗೆ ದೊಡ್ಡಪ್ಪನ ಮಗ ಅನ್ನಬಹುದು. ಅವರು ಅಲ್ಲಿ ಮಾಡಿದ್ದು ಇಲ್ಲಿ ಹಾಗೇ ನಡೆಯುತ್ತದೆ.

ಅಲ್ಲಿಂದ ನನ್ನ ಹುಡುಕಾಟದ ದಾರಿಯೇ ಬದಲಾಯಿತು. ‘ಬೆಸ್ಟ್ ಮಷಿನಿಂಗ್ ಚಾನೆಲ್’ ಅಂತ ಹುಡುಕುವುದು ಬಿಟ್ಟು, ನನ್ನದರಂಥ ಮಷಿನ್ ಯಾರ ಹತ್ತಿರ ಇದೆ ಅಂತ ಹುಡುಕತೊಡಗಿದೆ. ‘ಸೌತ್ ಬೆಂಡ್’ ಒಂದು ಕೀಲಿ. ‘ಮೈಫರ್ಡ್’ ಇನ್ನೊಂದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿ ತಯಾರಾಗುತ್ತಿದ್ದ ಪುಟ್ಟ ಲೇತ್ ಅದು. ಎಂಎಲ್7, ಸೂಪರ್ 7 ಎರಡರಲ್ಲೂ ಚಕ್ ಥ್ರೆಡ್ಡಿನದೇ. ಬ್ರಿಟನ್ನಿನಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಉಗಿ ಎಂಜಿನ್ ಮಾಡುವವರು ಈ ಹವ್ಯಾಸಕ್ಕೆ ಮಾಡೆಲ್ ಎಂಜಿನಿಯರಿಂಗ್ ಅನ್ನುತ್ತಾರೆ. ಅದಕ್ಕೆಂದೇ ‘ಮಾಡೆಲ್ ಎಂಜಿನಿಯರ್’ ಅನ್ನುವ ಪತ್ರಿಕೆ 1898ರಲ್ಲೇ ಶುರುವಾಗಿತ್ತು ಅಂದರೆ ನೋಡಿ. ‘ಮೈಫರ್ಡ್’, ‘ಮಾಡೆಲ್ ಎಂಜಿನಿಯರಿಂಗ್’ ಎರಡೂ ಸೇರಿಸಿ ಹುಡುಕಿದರೆ, ಕೆಲವೇ ನೂರು ಜನ ನೋಡಿದ, ಆದರೆ ಅಪ್ಪಟ ಕೆಲಸದ ವಿಡಿಯೋಗಳು ಸಿಗುತ್ತವೆ.

ಮಷಿನ್ ನೋಡಿ ಚಾನೆಲ್ ಆರಿಸುವುದು ಯಾಕೆ ಅಷ್ಟು ಮುಖ್ಯ ಅಂತ ಒಂದು ಉದಾಹರಣೆ ಹೇಳುತ್ತೇನೆ. ಜೋ ಪಿಯೆಚಿನ್ಸ್ಕಿ ಅನ್ನುವ ಅಮೆರಿಕದ ಮಷಿನಿಸ್ಟ್ ಥ್ರೆಡ್ ಕತ್ತರಿಸುವ ಒಂದು ಉಪಾಯ ತೋರಿಸುತ್ತಾರೆ. ಮಾಮೂಲಿಯಾಗಿ ಟೂಲ್ ಚಕ್ ಕಡೆಗೆ ಓಡುತ್ತದೆ. ಶೋಲ್ಡರ್, ಅಂದರೆ ರಾಡ್ ದಪ್ಪವಾಗುವ ಮೆಟ್ಟಿಲು, ಹತ್ತಿರ ಬಂದಾಗ ಕ್ಷಣ ತಡವಾದರೂ ಟೂಲ್ ಹೋಗಿ ಗುದ್ದುತ್ತದೆ. ಇವರು ಸ್ಪಿಂಡಲ್ಲನ್ನು ಉಲ್ಟಾ ತಿರುಗಿಸಿ, ಟೂಲನ್ನು ತಲೆಕೆಳಗೆ ಕಟ್ಟಿ, ಶೋಲ್ಡರ್‌ನಿಂದ ಹೊರಗೆ, ಚಕ್‌ನ ಎದುರು ತುದಿಯ ಟೇಲ್‌ಸ್ಟಾಕ್ ಕಡೆಗೆ ಕತ್ತರಿಸುತ್ತಾರೆ. ಗುದ್ದುವ ಭಯವೇ ಇಲ್ಲ. ನೋಡಿ ಖುಷಿಯಾಯಿತು. ನಮ್ಮೂರ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನನಗೆ ಗೊತ್ತಿರುವ ಹಳೆ ಟರ್ನರ್ ಒಬ್ಬರಿದ್ದಾರೆ. ಕಾಕಾ ಅಂತಲೇ ಕರೆಯುತ್ತೇನೆ. ಅವರಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಪೂರ್ತಿ ನೋಡಿ ತಲೆ ಆಡಿಸಿದರು. ಆಮೇಲೆ ಕೇಳಿದರು: “ಛಲೋ ಐತ್ರಿ ಸರ. ಖರೆ ನಿಮ್ಮ ಚಕ್ ಥ್ರೆಡ್ಡಿಂದಲ್ರೀ? ಉಲ್ಟಾ ತಿರುಗಿಸಿ ಕಟ್ ಕೊಟ್ರ ಬಿಚ್ಚಿ ಕಾಲ ಮ್ಯಾಲ ಬೀಳ್ತದ್ರೀ.”

ಹೌದು. ಉಲ್ಟಾ ತಿರುಗಿದರೂ ಬಿಚ್ಚದ ಕ್ಯಾಮ್‌ಲಾಕ್ ಚಕ್ ಇರುವವರಿಗೆ ಆ ಉಪಾಯ ಚಿನ್ನ, ನನಗೆ ಅಪಾಯ. ಮೈಫರ್ಡ್ ಬಳಗದವರ ಹತ್ತಿರ ಇದಕ್ಕೆ ಬೇರೆ ಉತ್ತರವಿತ್ತು: ಮ್ಯಾಂಡ್ರೆಲ್ ಹ್ಯಾಂಡಲ್. ಸ್ಪಿಂಡಲ್‌ನ ಹಿಂದಿನ ತೂತಿಗೆ ಬಿಗಿಯಾಗಿ ಕೂರುವ ಒಂದು ಕೈ ಹಿಡಿಕೆ. ಮೋಟರ್ ಬಂದ್ ಮಾಡಿ, ಬೆಲ್ಟ್ ಸಡಿಲಿಸಿ, ಕೈಯಿಂದಲೇ ಸ್ಪಿಂಡಲ್ ತಿರುಗಿಸಿ ಥ್ರೆಡ್ ಕತ್ತರಿಸುವುದು. ಬೇಕಾದ ಜಾಗಕ್ಕೆ ಕರಾರುವಾಕ್ಕಾಗಿ ನಿಲ್ಲಬಹುದು. ಹಿಡಿಕೆ ಹಾಕಿದಾಗ ಮೋಟರ್‌ನ ಪ್ಲಗ್ಗನ್ನೇ ಕಿತ್ತಿಡಬೇಕು. ನಾನು ಆ ಹ್ಯಾಂಡಲ್ಲನ್ನು ಅದೇ ಲೇತ್ ಮೇಲೆ ಮಾಡಿಕೊಂಡೆ. ಈಗ ಶೋಲ್ಡರ್ ಇರುವ ಥ್ರೆಡ್ ಎಲ್ಲಾ ಅದರಲ್ಲೇ.

ಬ್ಲಾಂಡಿಹ್ಯಾಕ್ಸ್ ಚಾನೆಲ್ ಹೊಸಬರಿಗೆ ನಾನು ಕಣ್ಣು ಮುಚ್ಚಿ ಹೇಳುವ ಹೆಸರು. ಕ್ವಿನ್ ಡಂಕಿ ಎಂಬ ಹೆಣ್ಣುಮಗಳು ನಡೆಸುತ್ತಾರೆ. ಅವರು ಬಂದದ್ದು ಸಾಫ್ಟ್‌ವೇರ್ ಕಡೆಯಿಂದ. ದೊಡ್ಡವರಾದ ಮೇಲೆ ಕಲಿತವರಾದ್ದರಿಂದ ಹೊಸಬರು ಎಲ್ಲಿ ಎಡವುತ್ತಾರೆ ಅಂತ ಗೊತ್ತು. ಲೇತ್ ಕೌಶಲದ ಸರಣಿಯೇ ಇದೆ, ಮೊದಲಿಂದ ಸಾಲಾಗಿ ನೋಡಬಹುದು. ದಿಸ್ ಓಲ್ಡ್ ಟೋನಿ ಮುಖ ತೋರಿಸುವುದಿಲ್ಲ, ಕೈ ಮತ್ತು ದನಿ ಮಾತ್ರ. ತಮಾಷೆಯಲ್ಲೇ ಗಟ್ಟಿ ವಿಷಯ ಹೇಳಿಬಿಡುತ್ತಾನೆ. ಇವರೆಲ್ಲ ಒಬ್ಬರ ಹೆಸರು ಇನ್ನೊಬ್ಬರು ಹೇಳುತ್ತಿರುತ್ತಾರೆ. ಕೆಲಸ ಬಲ್ಲವರು ಯಾರನ್ನು ಹೊಗಳುತ್ತಾರೆ ಅಂತ ಕಿವಿಗೊಟ್ಟರೆ ಮುಂದಿನ ಚಾನೆಲ್ ಸಿಕ್ಕಿತು ಅಂತಲೇ ಲೆಕ್ಕ. ಯೂಟ್ಯೂಬ್ ತಾನೇ ತಂದು ಬಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಆಬೋಮ್79, ಆಸ್ಟ್ರೇಲಿಯಾದ ಕಟಿಂಗ್ ಎಡ್ಜ್ ಎಂಜಿನಿಯರಿಂಗ್ ಇಂಥವು ಬೇರೆ ಜಾತಿ. ಭಾರಿ ಮಷಿನ್, ಭಾರಿ ಕೆಲಸ. ಊಟ ಆದ ಮೇಲೆ ನೋಡಲು ಬಹಳ ಚೆನ್ನ. ಆದರೆ ಅಲ್ಲಿ ನೀಲಿ ಬಣ್ಣಕ್ಕೆ ತಿರುಗಿ ಹಾರುವ ಚಿಪ್ಸ್ ಹೆಚ್ಚು ವೇಗ ತಡೆಯುವ ಕಾರ್ಬೈಡ್ ಟೂಲಿನದು. ನನ್ನ ಹತ್ತಿರ ಇರುವುದು ಹೆಚ್ಚಾಗಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್), ಅದಕ್ಕೆ ಅಷ್ಟು ವೇಗ ಆಗದು. ಎಂ.ಎಸ್.ಗೆ ನಿಮಿಷಕ್ಕೆ 25ರಿಂದ 30 ಮೀಟರ್ ಕಟಿಂಗ್ ಸ್ಪೀಡ್ ಅಂತ ಹಿಡಿದರೆ, 25 ಮಿ.ಮೀ. ರಾಡ್‌ಗೆ ಸುಮಾರು 320ರಿಂದ 380 ಆರ್‌ಪಿಎಂ ಬರುತ್ತದೆ. ಪಾರ್ಟಿಂಗ್‌ಗೆ ಅದಕ್ಕಿಂತಲೂ ಕಡಿಮೆ. ಯಾವ ವಿಡಿಯೋ ನೋಡಿದರೂ ಮೊದಲು ಟೂಲ್ ಯಾವುದು ಅಂತ ನೋಡಿಕೊಂಡು, ಸ್ಪೀಡ್ ನಾನೇ ಲೆಕ್ಕ ಹಾಕುತ್ತೇನೆ. ಅಮೆರಿಕದವರು ಮಾತೆತ್ತಿದರೆ ‘ಟೆನ್ ಥೌ’ ಅನ್ನುತ್ತಾರೆ, ಅಂದರೆ ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಹತ್ತು. ನಮ್ಮ ಲೆಕ್ಕದಲ್ಲಿ ಕಾಲು ಮಿಲಿಮೀಟರ್. ಇದೊಂದು ತಲೆಯಲ್ಲಿದ್ದರೆ ಮಿಕ್ಕದ್ದೆಲ್ಲ ಅರ್ಥವಾಗುತ್ತದೆ.

ಇನ್ನು ಬಿಟ್ಟುಬಿಡಬೇಕಾದ ಚಾನೆಲ್‌ಗಳು. ಕಟ್ ನಡೆಯುವಾಗ ಮೇಲೆ ಸಂಗೀತ ಹಾಕಿದರೆ ನಾನು ಮುಂದೆ ಹೋಗುತ್ತೇನೆ. ಲೇತ್ ಕಲಿಯುವುದರಲ್ಲಿ ಅರ್ಧ ಕಿವಿಯ ಕೆಲಸ. ಟೂಲ್ ಸರಿಯಾಗಿ ಕಡಿಯುತ್ತಿದೆಯೋ ಉಜ್ಜುತ್ತಿದೆಯೋ ಅಂತ ಸದ್ದು ಹೇಳುತ್ತದೆ. ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಕೈ ತೆಗೆಯುವವರು, ಗ್ಲೌಸ್ ಹಾಕಿಕೊಂಡು ತಿರುಗುವ ರಾಡ್‌ಗೆ ಎಮರಿ ಹಿಡಿಯುವವರು ಕಂಡರೂ ಅಷ್ಟೇ. ರಿಪೇರಿ ವಿಡಿಯೋಗಳಲ್ಲಿ ಮೋಸ ಜಾಸ್ತಿ. ತುಕ್ಕು ಎಲ್ಲಾ ಕಡೆ ಒಂದೇ ಬಣ್ಣ, ಒಂದೇ ಹದ, ಆದರೆ ಬೋಲ್ಟ್ ಮೊದಲ ಸುತ್ತಿಗೇ ಬಿಚ್ಚಿಕೊಂಡರೆ ಆ ತುಕ್ಕು ನಿನ್ನೆ ಮೊನ್ನೆಯದು ಅಂತ ತಿಳಿಯಿರಿ. ಸ್ವಿಟ್ಜರ್ಲೆಂಡಿನ ಮೈ ಮೆಕ್ಯಾನಿಕ್ಸ್ ಹಾಗಲ್ಲ. ಮಾತೇ ಇಲ್ಲ, ಆದರೆ ಹಾಳಾದ ಸ್ಕ್ರೂ ಬದಲು ಹೊಸದನ್ನು ಮಾಡುವುದನ್ನೂ ತೋರಿಸುತ್ತಾನೆ.

ಪಾಕಿಸ್ತಾನದ ಲಾರಿ ವರ್ಕ್‌ಶಾಪ್‌ಗಳ ವಿಡಿಯೋ ಬಗ್ಗೆ ನನಗೆ ಎರಡು ಮನಸ್ಸು. ಮುರಿದ ಆಕ್ಸಲ್ಲನ್ನು ಹಳೆ ಮಷಿನ್ ಮೇಲೆ ಕಟ್ಟಿ ನೇರ ಮಾಡುವ ಜಾಣ್ಮೆ ಯಾವ ಕಾಲೇಜಿನಲ್ಲೂ ಸಿಗದು. ಆದರೆ ಕಾಲಲ್ಲಿ ಚಪ್ಪಲಿ, ಮೈಮೇಲೆ ಸಡಿಲ ಬಟ್ಟೆ, ಕನ್ನಡಕ ಇಲ್ಲ. ಜಾಬ್ ಹೇಗೆ ಕಟ್ಟಿದರು ಅನ್ನುವುದನ್ನಷ್ಟೇ ನೋಡಿಕೊಳ್ಳುತ್ತೇನೆ.

ನೋಡುವ ಕ್ರಮದಲ್ಲೂ ಒಂದೆರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಇದಕ್ಕೆಂದೇ ಬೇರೆ ಅಕೌಂಟ್. ಮನೆಯವರ ಅಡುಗೆ, ಮಕ್ಕಳ ಕಾರ್ಟೂನ್ ಅದರಲ್ಲಿ ಸೇರುವುದಿಲ್ಲ. ಪ್ಲೇಲಿಸ್ಟ್‌ಗೆ ಚಾನೆಲ್ ಹೆಸರಿಡದೆ ಕೆಲಸದ ಹೆಸರಿಡುತ್ತೇನೆ: ಪಾರ್ಟಿಂಗ್, ಥ್ರೆಡಿಂಗ್, ಟೂಲ್ ಗ್ರೈಂಡಿಂಗ್. ಒಳ್ಳೆ ಚಾನೆಲ್ ಸಿಕ್ಕರೆ ಹಳೆಯದು ಮೊದಲು ಬರುವಂತೆ ಜೋಡಿಸಿ ನೋಡುತ್ತೇನೆ. ಈಗ ದೊಡ್ಡ ಶಾಪ್ ಇರುವವರೂ ಆಗ ಸಣ್ಣ ಮಷಿನ್ ಮೇಲೆ ಒದ್ದಾಡುತ್ತಿದ್ದವರೇ. ನಮಗೆ ಬೇಕಾದದ್ದು ಆ ಒದ್ದಾಟ. ಇಂಗ್ಲಿಷ್ ವೇಗ ಹಿಡಿಯದಿದ್ದರೆ ಸಬ್‌ಟೈಟಲ್ ಹಾಕಿ, ಸ್ಪೀಡ್ ಮುಕ್ಕಾಲಿಗೆ ಇಳಿಸಿ.

ಲೇತ್ ಇಲ್ಲದವರು ಸುಮ್ನೆ ಕೂರಬೇಕಿಲ್ಲ. ಆಸ್ಟ್ರೇಲಿಯಾದ ಕ್ಲಿಕ್‌ಸ್ಪ್ರಿಂಗ್ ಚಾನೆಲ್ ನೋಡಿ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ ಹಡಗಿನಿಂದ 1901ರಲ್ಲಿ ಮೇಲೆತ್ತಿದ, ಎರಡು ಸಾವಿರ ವರ್ಷ ಹಳೆಯ ಕಂಚಿನ ಹಲ್ಲುಚಕ್ರಗಳ ಯಂತ್ರವನ್ನು ಆತ ಮತ್ತೆ ಕಟ್ಟುತ್ತಿದ್ದಾನೆ. ಆ ಕಾಲದಲ್ಲಿ ಅರವನ್ನು (ಫೈಲ್) ಹೇಗೆ ಮಾಡಿರಬಹುದು ಅಂತ ತಾನೇ ಅರ ಕಡಿದು, ಕಾಯಿಸಿ, ಗಟ್ಟಿ ಮಾಡಿ ತೋರಿಸಿದ್ದಾನೆ. ಈ ಕೆಲಸ ಮಾಡುತ್ತಲೇ ಅದರ ಪಂಚಾಂಗದ ಬಳೆಯಲ್ಲಿದ್ದ ತೂತುಗಳು 365 ಅಲ್ಲ, ಚಾಂದ್ರಮಾನ ವರ್ಷದ ದಿನಗಳಷ್ಟು, 354ರ ಆಸುಪಾಸು ಅಂತ 2020ರಲ್ಲಿ ಇತರರೊಡನೆ ಸೇರಿ ಲೇಖನ ಬರೆದ. 2024ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಬೇರೆ ಲೆಕ್ಕದಿಂದ ಅದೇ ಕಡೆ ಬಂದರು. ಒಂದು ವೈಸ್, ಹ್ಯಾಕ್ಸಾ, ಎರಡು ಅರ, ಒಂದು ತುಂಡು ಹಿತ್ತಾಳೆ ಪಟ್ಟಿ ಇದ್ದರೆ ಅವನ ಫೈಲಿಂಗ್ ವಿಡಿಯೋಗಳಿಂದಲೇ ಶುರು ಮಾಡಬಹುದು. ಹಿತ್ತಾಳೆಗೆ ಹೊಸ ಅರ ಬಳಸಿ, ಅದನ್ನು ಬೇರೆಯಾಗಿಯೇ ಇಡಿ. ಕಬ್ಬಿಣಕ್ಕೆ ಉಜ್ಜಿ ಮೊಂಡಾದ ಅರ ಹಿತ್ತಾಳೆ ಮೇಲೆ ಜಾರುತ್ತದೆ.