ಹಡಗಿನ ಔತಣಕ್ಕೆ ಕೋಟು: ಬಾಡಿಗೆಯೋ, ಖರೀದಿಯೋ?

ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಹೊರಡುವ ಕ್ಯೂನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಹಡಗಿಗೆ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಯಾರ್ಕ್ ಸೇರಲು ಸಾಮಾನ್ಯವಾಗಿ ಏಳು ರಾತ್ರಿ ಬೇಕು. ಬ್ರಿಟನ್ನಿನಲ್ಲಿ ನೆಲೆಸಿರುವ ಮಕ್ಕಳು, ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಇಂಥ ಯಾನಕ್ಕೆ ಹೊರಡುವುದು ಈಗ ಅಪರೂಪವಲ್ಲ. ಟಿಕೆಟು, ವೀಸಾ, ವಿಮೆ ಎಲ್ಲ ಮುಗಿದು ನಿಟ್ಟುಸಿರು ಬಿಡುವ ಹೊತ್ತಿಗೆ ಹಡಗಿನವರು ಕಳುಹಿಸಿದ ಸೂಚನೆಗಳ ನಡುವೆ ‘ಗಾಲಾ ಈವ್ನಿಂಗ್’ ಎಂಬ ಪದ ಕಣ್ಣಿಗೆ ಬೀಳುತ್ತದೆ. ಆ ಸಂಜೆಗಳಲ್ಲಿ ಮುಖ್ಯ ಭೋಜನಶಾಲೆಗೆ ಬರುವ ಗಂಡಸರು ಟಕ್ಸಿಡೊ (ಬೋ ಟೈ ಜೊತೆಗೆ ತೊಡುವ, ಸ್ಯಾಟಿನ್ ಅಂಚಿನ ಔತಣದ ಸೂಟು) ಅಥವಾ ಕಡುಬಣ್ಣದ ಸೂಟು ಧರಿಸಬೇಕು, ಹೆಂಗಸರು ಔತಣಕ್ಕೆ ತಕ್ಕ ಉಡುಪಿನಲ್ಲಿ ಬರಬೇಕು ಎಂದು ಅದರಲ್ಲಿರುತ್ತದೆ. ಒಂದೆರಡು ಸಂಜೆಗಾಗಿ ಕೊಳ್ಳಬೇಕೇ, ಬಾಡಿಗೆಗೆ ತಂದರೆ ಸಾಲದೇ ಎಂಬ ಪ್ರಶ್ನೆ ಆಗಲೇ ಏಳುವುದು. ಉತ್ತರ ಕೇವಲ ಬೆಲೆಯಲ್ಲಿಲ್ಲ. ಹಡಗು ಎಲ್ಲಿ ಹೊರಟು ಎಲ್ಲಿ ನಿಲ್ಲುತ್ತದೆ, ಆ ಉಡುಪು ಮುಂದೆ ಎಷ್ಟು ಸಲ ಮೈಮೇಲೆ ಬರುತ್ತದೆ ಎಂಬ ಎರಡು ಸಂಗತಿಗಳನ್ನು ನೋಡಿಯೇ ನಿರ್ಧರಿಸಬೇಕು.

ಮೊದಲು ನಿಯಮವನ್ನು ಪೂರ್ತಿ ಓದಿ

ಎಲ್ಲ ಹಡಗುಗಳೂ ಕ್ಯೂನಾರ್ಡ್‌ನಷ್ಟು ಕಟ್ಟುನಿಟ್ಟಲ್ಲ. ಪ್ರಿನ್ಸೆಸ್ ಕಂಪನಿಯ ಏಳು ರಾತ್ರಿಯ ಯಾನದಲ್ಲಿ ಇಂಥ ಸಂಜೆಗಳು ಸಾಮಾನ್ಯವಾಗಿ ಎರಡು ಇರುತ್ತವೆಯಾದರೂ, ಅಲ್ಲಿ ಒಳ್ಳೆಯ ಸೂಟು ಧರಿಸಿ ಬಂದವರನ್ನು ಯಾರೂ ತಡೆಯುವುದಿಲ್ಲ. ನಾರ್ವೀಜಿಯನ್ ಎಂಬ ಹಡಗು ಕಂಪನಿಯಲ್ಲಿ ಸಿಂಗರಿಸಿಕೊಳ್ಳುವುದು ಪೂರ್ತಿ ನಿಮ್ಮ ಇಷ್ಟ. ಮುಂಬೈನಿಂದ ಹೊರಡುವ ಎರಡು ಮೂರು ರಾತ್ರಿಯ ವಿಹಾರಕ್ಕಂತೂ ಟಕ್ಸಿಡೊದ ಯೋಚನೆಯೇ ಬೇಡ, ಮದುವೆಯ ಆರತಕ್ಷತೆಗೆ ಹೋಗುವ ಬಟ್ಟೆ ಧಾರಾಳವಾಗಿ ಸಾಕು.

ಕ್ವೀನ್ ಮೇರಿ 2ರಲ್ಲಿಯೂ ಎಲ್ಲ ಸಂಜೆಗಳಿಗೆ ಇದೇ ನಿಯಮವಿಲ್ಲ. ಏಳು ರಾತ್ರಿಯ ಯಾನದಲ್ಲಿ ಸಾಮಾನ್ಯವಾಗಿ ಎರಡು ಗಾಲಾ ಸಂಜೆಗಳಿದ್ದು, ಉಡುಪಿನ ನಿಯಮ ಸಂಜೆ 6 ಗಂಟೆಯ ನಂತರ ಜಾರಿಗೆ ಬರುತ್ತದೆ. ಉಳಿದ ಸಂಜೆಗಳಿಗೆ ಅಚ್ಚುಕಟ್ಟಾದ ಶರ್ಟು, ಪ್ಯಾಂಟು, ಮೇಲೊಂದು ಜಾಕೆಟ್ ಇದ್ದರಾಯಿತು, ಟೈ ಬೇಕಿಲ್ಲ. ಗಾಲಾ ಸಂಜೆಗೂ ‘ಕಪ್ಪು–ಬಿಳುಪು’, ‘ಮುಖವಾಡ’ ಎಂಬಂಥ ವಿಷಯಗಳನ್ನು ಇಟ್ಟಿರುತ್ತಾರೆ. ಅವುಗಳಿಗೆ ತಕ್ಕ ಬಣ್ಣ ಹುಡುಕಿ ಹಣ ಸುರಿಯುವ ಅಗತ್ಯವಿಲ್ಲ, ಏಕೆಂದರೆ ವಿಷಯವನ್ನು ಪಾಲಿಸುವುದು ಕಡ್ಡಾಯವಲ್ಲ. ಸಿಂಗಾರವೇ ಬೇಡವೆನ್ನುವವರು ಕಿಂಗ್ಸ್ ಕೋರ್ಟ್ ಬಫೆಯಲ್ಲಿ ಊಟ ಮಾಡಬಹುದು, ಗೋಲ್ಡನ್ ಲಯನ್ ಪಬ್‌ನಲ್ಲಿ ಕೂರಬಹುದು.

ಆ ನಿಯಮದಲ್ಲಿ ನಮ್ಮವರು ಹೆಚ್ಚಾಗಿ ಗಮನಿಸದೆ ಹೋಗುವ ಒಂದು ಮಾತಿದೆ. ಟಕ್ಸಿಡೊ ಮತ್ತು ಕಡುಬಣ್ಣದ ಸೂಟಿನ ಜೊತೆಗೆ ‘ಔಪಚಾರಿಕ ರಾಷ್ಟ್ರೀಯ ಉಡುಪು’ ಕೂಡ ಗಾಲಾ ಸಂಜೆಗೆ ಸಲ್ಲುತ್ತದೆ. ಸ್ಕಾಟ್ಲೆಂಡಿನವರು ತಮ್ಮ ನೆರಿಗೆಯ ಲಂಗದಂಥ ಕಿಲ್ಟ್ ತೊಟ್ಟು ಬರುವುದು ಈ ಅವಕಾಶದಲ್ಲಿಯೇ.

ಕಪಾಟನ್ನು ತೆರೆದು ನೋಡಿ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿರುವ ಸೂಟನ್ನು ಹೊರಗೆ ತೆಗೆದು ಹಾಕಿಕೊಂಡು ನೋಡಿ. ಕಪ್ಪು, ಕಡುನೀಲಿ ಅಥವಾ ಕಡುಬೂದು ಬಣ್ಣದ ಸೂಟು ಮೈಗೆ ಸರಿಯಾಗಿ ಕೂರುತ್ತಿದ್ದರೆ ಬಾಡಿಗೆ, ಖರೀದಿ ಎರಡೂ ಬೇಕಿಲ್ಲ. ಬಿಳಿ ಅಂಗಿ, ಟೈ ಅಥವಾ ಬೋ ಟೈ, ಹೊಳಪು ಕೊಟ್ಟ ಕಪ್ಪು ಶೂ ಸಾಕು. ಮದುವೆಯಲ್ಲಿ ಹೊಲಿಸಿದ ಸೂಟಿನ ಪ್ಯಾಂಟು ಸೊಂಟದಲ್ಲಿ ಬಿಗಿಯಾದರೆ ಹಿಂಬದಿಯ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಮಿಕ್ಕಿದೆ ಎಂಬುದನ್ನು ದರ್ಜಿಗೆ ತೋರಿಸಿ. ಒಳ್ಳೆಯ ದರ್ಜಿಗಳು ಅಲ್ಲಿ ಬಿಡಿಸಿಕೊಳ್ಳಲು ಬಟ್ಟೆ ಬಿಟ್ಟೇ ಹೊಲಿದಿರುತ್ತಾರೆ. ಕೋಟಿನ ಭುಜ ಹೊಂದದಿದ್ದರೆ ಮಾತ್ರ ಆಸೆ ಬಿಡಬೇಕು, ಭುಜವನ್ನು ಸರಿಪಡಿಸುವ ಖರ್ಚಿಗೆ ಹೊಸ ಕೋಟೇ ಮೇಲು.

ಬಾಡಿಗೆ ಯಾರಿಗೆ, ಹೇಗೆ

ಉಡುಪನ್ನು ಬಾಡಿಗೆಗೆ ಕೊಡುವ ವ್ಯಾಪಾರ ಬ್ರಿಟನ್ನಿನಲ್ಲಿ ಹಳೆಯದು. ಲಂಡನ್ನಿನ ಕೋವೆಂಟ್ ಗಾರ್ಡನ್‌ನ ಮಾಸ್ ಬ್ರದರ್ಸ್ ಅಂಗಡಿಯಲ್ಲಿ ಇದು 1897ರಲ್ಲಿ ಶುರುವಾಯಿತಂತೆ. ಕೈ ಬರಿದಾದ ದಲ್ಲಾಳಿಯೊಬ್ಬ ಸಿರಿವಂತರ ಕೂಟಗಳಲ್ಲಿ ಜನರನ್ನು ರಂಜಿಸಲು ಹೋಗುವಾಗಲೆಲ್ಲ ಅಂಗಡಿಯವರಿಂದ ಸೂಟನ್ನು ಎರವಲು ಪಡೆಯುತ್ತಿದ್ದ. ಮತ್ತೆ ಮತ್ತೆ ಬಂದಾಗ ಅವರು ಅದಕ್ಕೊಂದು ದರ ಕಟ್ಟಿದರು ಎಂದು ಆ ಅಂಗಡಿಯ ಚರಿತ್ರೆ ಹೇಳುತ್ತದೆ. ಆ ದಲ್ಲಾಳಿ ಬಟ್ಟೆಯನ್ನು ಒಂದು ರಾತ್ರಿಗೆ ಒಯ್ದು ಮರುದಿನ ತಂದುಕೊಡಬಹುದಿತ್ತು. ಬಾಡಿಗೆಯ ಲೆಕ್ಕಾಚಾರ ಇಂದಿಗೂ ಅಂಥ ಒಂದು ರಾತ್ರಿಯ ಸಮಾರಂಭಕ್ಕೆ ಹೊಂದುವಂತೆಯೇ ಇದೆ. ಸಮಾರಂಭದ ದಿನಾಂಕವನ್ನು ಬರೆದುಕೊಂಡು, ಒಂದೆರಡು ದಿನ ಮೊದಲು ಕೊಟ್ಟು, ಮುಗಿದ ಮರುದಿನವೋ ಅದರಾಚೆಯ ದಿನವೋ ವಾಪಸು ಕೇಳುತ್ತಾರೆ. ಏಳು ರಾತ್ರಿಯ ಯಾನಕ್ಕೆ ಈ ಲೆಕ್ಕ ಒಗ್ಗುವುದಿಲ್ಲ.

ನನ್ನ ಪರಿಚಯದವರೊಬ್ಬರು ಬುಕಿಂಗ್ ಮಾಡುವಾಗ ಮೊದಲ ಗಾಲಾ ಸಂಜೆಯ ದಿನಾಂಕವನ್ನು ಕೊಟ್ಟು ಸುಮ್ಮನಾಗಿದ್ದರು. ಮರಳಿ ಬಂದಾಗ ತಡವಾದ ಪ್ರತಿ ದಿನಕ್ಕೂ ದಂಡ ಸೇರಿ, ಠೇವಣಿಯ ಹಣ ಮುಕ್ಕಾಲು ಪಾಲು ಕರಗಿಹೋಗಿತ್ತು. ಆದ್ದರಿಂದ ಹಡಗಿನ ಯಾನವೆಂದು ಮೊದಲ ಮಾತಿನಲ್ಲಿಯೇ ತಿಳಿಸಿ, ಬಟ್ಟೆಯನ್ನು ಒಯ್ಯುವ ದಿನ ಮತ್ತು ಹಿಂದಿರುಗಿಸುವ ದಿನ ಎರಡನ್ನೂ ರಸೀದಿಯ ಮೇಲೆ ಬರೆಸಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ತೊಡಕು ಒಂದಿದೆ. ಸೌತಾಂಪ್ಟನ್‌ನಲ್ಲಿ ಹತ್ತಿ ನ್ಯೂಯಾರ್ಕ್‌ನಲ್ಲಿ ಇಳಿಯುವವರು ಬಾಡಿಗೆಯ ಕೋಟನ್ನು ಯಾರಿಗೆ ಕೊಡುವುದು? ಅಮೆರಿಕದಿಂದ ಪಾರ್ಸೆಲ್ ಮಾಡಿದರೆ ಅಂಚೆಯ ಖರ್ಚು ಮತ್ತು ತಡವಾದ ದಂಡ ಸೇರಿ ಬಾಡಿಗೆಯನ್ನೇ ಮೀರಬಹುದು. ಜೊತೆಗೆ ಕಸ್ಟಮ್ಸ್ ಕಾಗದಗಳ ತಾಪತ್ರಯ. ಬೇರೆ ಕೆಲವು ಕಂಪನಿಗಳ ಹಡಗುಗಳಿಗೆ ಬಾಡಿಗೆಯ ಉಡುಪನ್ನು ನೇರವಾಗಿ ಕ್ಯಾಬಿನ್‌ಗೇ ತಲುಪಿಸಿ ಕೊನೆಯ ದಿನ ಅಲ್ಲಿಂದಲೇ ಒಯ್ಯುವ ವ್ಯವಸ್ಥೆ ಇದ್ದುದುಂಟು. ನಿಮ್ಮ ಯಾನಕ್ಕೆ ಅಂಥದ್ದಿದೆಯೇ ಎಂದು ಹಡಗಿನವರನ್ನೇ ಕೇಳಿ. ಇಲ್ಲವೆಂದರೆ, ಒಮ್ಮುಖ ಯಾನಕ್ಕೆ ಬಾಡಿಗೆಯ ವಿಚಾರವನ್ನು ಅಲ್ಲಿಗೇ ಕೈಬಿಡುವುದು ಒಳಿತು. ಸೌತಾಂಪ್ಟನ್‌ನಿಂದ ನಾರ್ವೆಯ ಕಡೆಗೆ ಹೋಗಿ ಅಲ್ಲಿಗೇ ಮರಳುವವರಿಗಾದರೆ ಈ ತೊಂದರೆ ಇಲ್ಲ.

ಬಾಡಿಗೆಗೇ ಎಂದು ನಿರ್ಧರಿಸಿದವರು ಅಳತೆಯನ್ನು ದರ್ಜಿಯ ಕೈಯಲ್ಲಿಯೇ ತೆಗೆಸಬೇಕು. ಟಕ್ಸಿಡೊ ಪ್ಯಾಂಟು ಹೊಕ್ಕುಳಿನ ಮಟ್ಟಕ್ಕೆ ನಿಲ್ಲುವುದರಿಂದ ಜೀನ್ಸ್ ಮೇಲೆ ಬರೆದಿರುವ ಸಂಖ್ಯೆಯನ್ನು ಸೊಂಟದ ಅಳತೆಯೆಂದು ಕೊಟ್ಟರೆ ಪ್ಯಾಂಟು ಮೇಲೇರದು. ಎದೆ, ಸೊಂಟ, ಕತ್ತು, ತೋಳು, ಕಾಲಿನ ಉದ್ದ, ಶೂ ಅಳತೆಗಳನ್ನು ಕೊಟ್ಟಮೇಲೂ, ಬಟ್ಟೆ ಕೈಗೆ ಬಂದ ದಿನ ಅಂಗಡಿಯಲ್ಲಿಯೇ ಪೂರ್ತಿ ತೊಟ್ಟು, ಕೈಯನ್ನು ಮುಂದೆ ಚಾಚಿ, ಕುಳಿತು ಎದ್ದು ನೋಡಬೇಕು. ಬಾಡಿಗೆಯ ಬಟ್ಟೆಯನ್ನು ಕತ್ತರಿಸಿ ಹೊಲಿಯುವಂತಿಲ್ಲವಾದ್ದರಿಂದ ಹೊಂದದಿದ್ದರೆ ಅದನ್ನು ಬದಲಿಸುವುದೊಂದೇ ದಾರಿ, ಅದಕ್ಕೆ ಕನಿಷ್ಠ ಮೂರು ನಾಲ್ಕು ದಿನ ಕೈಯಲ್ಲಿರಬೇಕು. ಮೊದಲೇ ಇದ್ದ ಕಲೆ, ಕಿತ್ತ ಗುಂಡಿ ಕಂಡರೆ ಫೋಟೊ ತೆಗೆದಿಟ್ಟುಕೊಳ್ಳಿ. ಶೂ, ಅಂಗಿ, ಬೋ ಟೈ ಬಾಡಿಗೆಯಲ್ಲಿ ಸೇರಿವೆಯೇ ಎಂಬುದನ್ನೂ ಕೇಳಬೇಕು, ಶೂಗೆ ಬೇರೆ ದರ ಹಾಕುವವರು ಬಹಳ.

ಬಾಡಿಗೆ ನಿಜವಾಗಿ ಒದಗಿಬರುವುದು ಬೆಳೆಯುವ ವಯಸ್ಸಿನ ಹುಡುಗರಿಗೆ. ಹದಿನಾಲ್ಕರ ಹುಡುಗನಿಗೆ ಕೊಂಡ ಕೋಟು ಮುಂದಿನ ವರ್ಷಕ್ಕೆ ತಮ್ಮನಿಗಾಗುತ್ತದೆ, ತಮ್ಮನಿಲ್ಲದಿದ್ದರೆ ಯಾರಿಗೂ ಆಗುವುದಿಲ್ಲ. ಹೆಣ್ಣುಮಕ್ಕಳ ಗೌನುಗಳನ್ನು ಬಾಡಿಗೆಗೆ ಕೊಡುವ ಅಮೆರಿಕದ ರೆಂಟ್ ದ ರನ್‌ವೇಯಂಥ ಕಂಪನಿಗಳಲ್ಲಿ ಒಂದು ಸಲದ ಅವಧಿ ನಾಲ್ಕು ಅಥವಾ ಎಂಟು ದಿನ. ಏಳು ರಾತ್ರಿಯ ಯಾನಕ್ಕೆ ಬಂದರಿಗೆ ಹೋಗುವ, ಬರುವ ದಿನಗಳು ಸೇರಿದರೆ ಎಂಟು ದಿನವೂ ಸಾಲದು.

ಕೊಳ್ಳುವುದಾದರೆ ಏನನ್ನು, ಎಲ್ಲಿ

ಸರಳವಾಗಿ ಒಂದು ಲೆಕ್ಕ ಹಾಕೋಣ. ಒಂದು ಯಾನಕ್ಕೆ ಬಾಡಿಗೆ 80 ಪೌಂಡ್, ಹೊಸ ಟಕ್ಸಿಡೊಗೆ ಹೊಲಿಗೆಯ ತಿದ್ದುಪಡಿಯೂ ಸೇರಿ 220 ಪೌಂಡ್ ಎಂದಿಟ್ಟುಕೊಂಡರೆ, ಮೂರನೆಯ ಯಾನಕ್ಕೆ ಕೊಂಡವರ ಕೈ ಮೇಲಾಗುತ್ತದೆ. ಆದರೆ ಆ ಮೂರನೆಯ ಯಾನ ಬರುತ್ತದೆಯೇ, ಬಂದಾಗ ಸೊಂಟ ಇದೇ ಅಳತೆಯಲ್ಲಿರುತ್ತದೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ವರ್ಷ ವರ್ಷ ಹಡಗು ಹತ್ತುವವರು, ಆಫೀಸಿನ ಔತಣಗಳಿಗೆ ಬ್ಲ್ಯಾಕ್ ಟೈ, ಅಂದರೆ ಟಕ್ಸಿಡೊ ಮತ್ತು ಬೋ ಟೈ, ಬೇಕಾಗುವವರು ಕೊಳ್ಳಲಿ. ಬೆಂಗಳೂರಿಗೆ ಮರಳಲಿರುವವರಿಗೆ ಸ್ಯಾಟಿನ್ ಅಂಚಿನ ಕೋಟು, ಪಕ್ಕದಲ್ಲಿ ಪಟ್ಟಿಯಿರುವ ಪ್ಯಾಂಟು ಸ್ವಂತದ ಆರತಕ್ಷತೆಗಲ್ಲದೆ ಬೇರೆಲ್ಲಿಯೂ ಹೊಂದುವುದಿಲ್ಲ. ಅಂಥವರಿಗೆ ನನ್ನ ಸಲಹೆ ಸಾದಾ ಕಪ್ಪು ಸೂಟು: ಬೋ ಟೈ ಕಟ್ಟಿದರೆ ಗಾಲಾ ಸಂಜೆಗಾಯಿತು, ತೆಗೆದರೆ ಕಚೇರಿಗೂ ಮದುವೆಗೂ ಆಯಿತು.

ಹೊಸದೇ ಆಗಬೇಕೆಂದಿಲ್ಲ. ಬ್ರಿಟನ್ನಿನ ಊರೂರುಗಳಲ್ಲಿರುವ ದಾನದ ಅಂಗಡಿಗಳಲ್ಲಿ (ಜನ ದಾನವಿತ್ತ ಹಳೆಯ ವಸ್ತುಗಳನ್ನು ಮಾರುವಂಥವು) ಒಳ್ಳೆಯ ಉಣ್ಣೆಯ ಡಿನ್ನರ್ ಜಾಕೆಟ್‌ಗಳು, ಅಂದರೆ ಟಕ್ಸಿಡೊ ಕೋಟುಗಳು, ಹೊಸದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಒಮ್ಮುಖ ಯಾನದವರಿಗೆ ಇದರಷ್ಟು ಅನುಕೂಲದ ದಾರಿ ಬೇರೆ ಇಲ್ಲವೆನ್ನಬಹುದು: ಅಗ್ಗಕ್ಕೆ ಕೊಂಡು, ತೋಳು ಮತ್ತು ಸೊಂಟವನ್ನು ಸರಿಪಡಿಸಿಕೊಂಡು, ನ್ಯೂಯಾರ್ಕ್‌ನಲ್ಲಿ ಬೇಡವೆನಿಸಿದರೆ ಅಲ್ಲಿನ ಅಂಥದೇ ಅಂಗಡಿಗೆ ಕೊಟ್ಟು ಮುಂದೆ ಸಾಗಬಹುದು. ಊರಿನಿಂದ ಪ್ರವಾಸಕ್ಕೆ ಬಂದವರು ವ್ಯಾಟ್ ವಾಪಸು ಬರುವುದೆಂಬ ಲೆಕ್ಕದಲ್ಲಿ ಲಂಡನ್ನಿನಲ್ಲಿ ಹೊಸ ಸೂಟು ಕೊಳ್ಳಬಾರದು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಅಂಗಡಿಗಳಲ್ಲಿ ಆ ಸೌಲಭ್ಯ 2021ರ ಆರಂಭದಿಂದ ನಿಂತುಹೋಗಿದೆ.

ಟಕ್ಸಿಡೊ ಜೊತೆಗೆ ಸೊಂಟಕ್ಕೆ ಸುತ್ತುವ ನೆರಿಗೆಪಟ್ಟಿಗೆ ಕಮರ್‌ಬಂಡ್ ಎನ್ನುತ್ತಾರೆ. ಇದು ನಮ್ಮ ‘ಕಮರ್‌ಬಂದ್’. ಭಾರತದ ಸೆಕೆಯಲ್ಲಿ ವೇಸ್ಟ್‌ಕೋಟು ತೊಡಲಾರದೆ ಬ್ರಿಟಿಷ್ ಅಧಿಕಾರಿಗಳು ಅದನ್ನು ಕಟ್ಟಿಕೊಳ್ಳತೊಡಗಿ, ಆಮೇಲೆ ತಮ್ಮ ದೇಶಕ್ಕೂ ಒಯ್ದರು. ನೆರಿಗೆಗಳ ಬಾಯಿ ಮೇಲ್ಮುಖವಾಗಿರಬೇಕು ಎಂಬುದನ್ನು ಮರೆಯದಿದ್ದರೆ ಸಾಕು.

ಮೂರನೆಯ ದಾರಿ: ನಮ್ಮ ಉಡುಪು

ರಾಷ್ಟ್ರೀಯ ಉಡುಪಿನ ಅವಕಾಶ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಪ್ಪು ಅಥವಾ ಕಡುನೀಲಿಯ ಜೋಧಪುರಿ ಕೋಟನ್ನು ಊರಿನಲ್ಲಿ ನಿಮ್ಮ ದರ್ಜಿಯಿಂದಲೇ ಹೊಲಿಸಿಕೊಂಡರೆ ಟೈ, ಬೋ ಟೈ, ಕಮರ್‌ಬಂಡ್ ಯಾವುದರ ಗೊಡವೆಯೂ ಇಲ್ಲ, ಮರಳಿದ ಮೇಲೆ ನೆಂಟರಿಷ್ಟರ ಮದುವೆಗಳಿಗೂ ಆಗುತ್ತದೆ. ಮೈಸೂರು ಅರಮನೆಯ ದರ್ಬಾರಿಗೆ ಬಿಳಿ ಪ್ಯಾಂಟು, ಕಪ್ಪು ನಿಲುವಂಗಿ, ತಲೆಗೆ ಪೇಟವೆಂಬ ಕಟ್ಟಳೆಯಿತ್ತು. ಉಡುಪಿನ ಶಿಸ್ತು ನಮಗೆ ಹೊಸದೇನಲ್ಲ. ಜರಿಯಂಚಿನ ಪಂಚೆ, ಶಲ್ಯದಲ್ಲಿ ಹೋಗಬಯಸುವ ಹಿರಿಯರಿದ್ದರೆ ಮೊದಲೇ ಹಡಗಿನವರಿಗೆ ಬರೆದು ಒಪ್ಪಿಗೆಯ ಇಮೇಲ್ ಪಡೆದಿಟ್ಟುಕೊಳ್ಳುವುದು ಕ್ಷೇಮ. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಪಂಚೆಯುಟ್ಟ ನ್ಯಾಯಾಧೀಶರನ್ನು ಬಾಗಿಲಲ್ಲೇ ತಡೆದು, ತಮಿಳುನಾಡು ಸರ್ಕಾರ ಅದಕ್ಕೊಂದು ಕಾನೂನನ್ನೇ ತರಬೇಕಾಯಿತು. ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು ವಾದ ಮಾಡುವುದಕ್ಕಿಂತ ಕಾಗದ ಕೈಯಲ್ಲಿರುವುದು ಲೇಸು.

ಹೆಂಗಸರಿಗೆ ಬಾಡಿಗೆಯ ಮಾತೇ ಬೇಡ, ಎರಡು ರೇಷ್ಮೆ ಸೀರೆ ಸಾಕು. ಇದರಲ್ಲಿ ಮೈಸೂರು ಕ್ರೇಪ್ ರೇಷ್ಮೆಯನ್ನು ಮೀರಿಸುವುದು ಕಷ್ಟ, ಅದು ಹಗುರ, ಸೂಟ್‌ಕೇಸಿನಲ್ಲಿ ಮಡಚಿಟ್ಟರೂ ಬೇಗ ಸುಕ್ಕಾಗುವುದಿಲ್ಲ. ಭಾರದ ಕಾಂಚೀಪುರ ಸೀರೆ ಮಡಿಕೆಯಲ್ಲಿ ಗೆರೆ ಬೀಳುವುದಲ್ಲದೆ, ಹಡಗು ಓಲಾಡುವಾಗ ನೆರಿಗೆ ಕಾಲಿಗೆ ತೊಡರುತ್ತದೆ. ಹಿಮ್ಮಡಿ ತಗ್ಗಿರುವ ಚಪ್ಪಲಿ, ಸೆರಗಿಗೆ ಎರಡು ಪಿನ್ನು ಹೆಚ್ಚಾಗಿಯೇ ಇರಲಿ. ಅಟ್ಲಾಂಟಿಕ್‌ನ ಮೇಲೆ ಬೇಸಗೆಯಲ್ಲಿಯೂ ಡೆಕ್ ತಣ್ಣಗಿರುವುದರಿಂದ ಶಾಲು ಬೇಕೇ ಬೇಕು.

ಹಡಗು ಹತ್ತುವಾಗ, ಇಳಿದ ಮೇಲೆ

ಬಂದರಿನಲ್ಲಿ ಕೂಲಿಗಳ ಕೈಗೆ ಕೊಟ್ಟ ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ ತಲುಪುವುದು ಸಂಜೆಯಾಗಬಹುದು. ಔತಣದ ಉಡುಪನ್ನು, ಅದರಲ್ಲಿಯೂ ಬಾಡಿಗೆಯದನ್ನು, ಹೊದಿಕೆಯ ಚೀಲದಲ್ಲಿ ಕೈಯಲ್ಲಿಯೇ ಹಿಡಿದು ಹತ್ತಿ. ಬೆಂಕಿಯ ಭಯದಿಂದ ಇಸ್ತ್ರಿಪೆಟ್ಟಿಗೆಯನ್ನು ಕ್ಯಾಬಿನ್‌ಗೆ ಒಯ್ಯಲು ಬಿಡುವುದಿಲ್ಲ, ಹಬೆಯ ಸ್ಟೀಮರ್ ಒಯ್ದರೂ ತಪಾಸಣೆಯಲ್ಲಿ ತೆಗೆದಿರಿಸಿಕೊಳ್ಳುತ್ತಾರೆ. ಕ್ವೀನ್ ಮೇರಿ 2ರಲ್ಲಿ ಪ್ರಯಾಣಿಕರಿಗೆಂದೇ ಇರುವ ಲಾಂಡ್ರಿ ಕೋಣೆಗಳಲ್ಲಿ ಇಸ್ತ್ರಿಯೂ ಇದೆ. ಆದರೆ ಗಾಲಾ ಸಂಜೆ ಐದು ಗಂಟೆಗೆ ಅಲ್ಲಿ ಸಾಲು ಇರುತ್ತದೆಂಬುದನ್ನು ಊಹಿಸಿ, ಬೆಳಗಿನ ತಿಂಡಿ ಮುಗಿದೊಡನೆ ಕೆಲಸ ಮುಗಿಸಿಕೊಳ್ಳಬೇಕು. ಮಡಿಕೆ ಅಲ್ಪಸ್ವಲ್ಪವಿದ್ದರೆ, ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು ಆ ಹಬೆಗೆ ಕೋಟನ್ನು ಹತ್ತು ನಿಮಿಷ ತೂಗುಹಾಕಿದರೆ ಸಡಿಲವಾಗುತ್ತದೆ. ಕಟ್ಟುವ ಬೋ ಟೈ ಕೊಂಡವರು ಮನೆಯಲ್ಲಿಯೇ ಕನ್ನಡಿಯ ಮುಂದೆ ನಾಲ್ಕಾರು ಸಲ ಅಭ್ಯಾಸ ಮಾಡಿರಬೇಕು, ಇಲ್ಲವಾದರೆ ಕೊಂಡಿ ಹಾಕುವ ಸಿದ್ಧ ಟೈಯನ್ನೇ ತನ್ನಿ, ಅದರಲ್ಲಿ ನಾಚಿಕೆಯೇನಿಲ್ಲ.

ಊಟದಲ್ಲಿ ಸಾಸು ಚೆಲ್ಲಿದರೆ ಬಾಡಿಗೆಯ ಬಟ್ಟೆಯನ್ನು ಸೋಪು ಹಾಕಿ ಉಜ್ಜಬೇಡಿ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು ಹಾಗೆಯೇ ಬಿಡಿ. ತೊಳೆಸುವ ಖರ್ಚು ಸಾಮಾನ್ಯವಾಗಿ ಬಾಡಿಗೆಯಲ್ಲಿಯೇ ಸೇರಿರುತ್ತದೆ. ಬಣ್ಣಗೆಟ್ಟ ಉಣ್ಣೆಗೆ ಮಾತ್ರ ದಂಡ ತೆರಬೇಕಾದೀತು. ಹಿಂದಿರುಗಿಸುವಾಗ ಜೇಬುಗಳನ್ನೆಲ್ಲ ತಡವಿ ನೋಡಿ, ಅಂಗಿಯ ಗುಂಡಿ ಮತ್ತು ಕಫ್‌ಲಿಂಕ್‌ಗಳನ್ನು ಅಂಗಡಿಯವರ ಎದುರಿಗೇ ಎಣಿಸಿಕೊಟ್ಟು, ವಾಪಸಾತಿಯ ರಸೀದಿಯನ್ನು ಠೇವಣಿಯ ಹಣ ಕಾರ್ಡಿಗೆ ಮರಳಿ ಬರುವವರೆಗೂ ಜೋಪಾನವಾಗಿಟ್ಟುಕೊಳ್ಳಿ.