ಸೊಂಟದ ಪಿಸ್ತೂಲಿಗೆ ಯಾವ ಕಾಡತೂಸು? ಕುಮಟಾದಲ್ಲಿ ನಾನು ಮಾಡಿದ್ದು

ಮಳೆಗಾಲಪೂರ್ತಿ ಸೊಂಟದಲ್ಲೇ ಇದ್ದ ಕಾಡತೂಸುಗಳನ್ನೆಲ್ಲ ಈ ಸಲವೂ ಶೂಟಿಂಗ್ ರೇಂಜಿಗೆ ಒಯ್ದು ಹೊಡೆದೆ. ಒಂದೂ ಕೈಕೊಡಲಿಲ್ಲ. ಹಿಂದಿನ ವರ್ಷವೂ ಕೊಟ್ಟಿರಲಿಲ್ಲ. "ಅದರಲ್ಲಿ ಆರಿಸೋದು ಎಂತದು, ಅಂಗಡಿಯವ ಕೊಟ್ಟಿದ್ದನ್ನು ಹಾಕಿದ್ರಾಯ್ತು" ಅಂದವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ನನ್ನದು ಅಡಿಕೆ ವ್ಯಾಪಾರ. ಸೀಸನ್ನಿನಲ್ಲಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆ ಓಡಾಟ. ದೊಡ್ಡ ಲೆಕ್ಕ ಎಲ್ಲ ಬ್ಯಾಂಕಿನಲ್ಲೇ ನಡೆಯುತ್ತದೆ. ಆದರೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ, ಸುಲಿಯುವವರಿಗೆ, ಲಾರಿಗೆ ಕೈಯಲ್ಲಿ ನಗದು ಬೇಕೇ ಬೇಕು. ಲೈಸೆನ್ಸ್ ಸಿಕ್ಕಿದ್ದು ಆ ಕಾರಣಕ್ಕೆ. ಪಿಸ್ತೂಲು ಪಾಯಿಂಟ್ 32 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಗಲ). ಯಾಕೆ 9 ಎಂಎಂ ಅಲ್ಲ ಎಂದು ಹೊಸಬರು ಕೇಳುತ್ತಾರೆ. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ಅಲ್ಲಿಗೆ ಆ ಚರ್ಚೆ ಮುಗಿಯಿತು. ಹೋಲ್ಸ್ಟರ್, ಅಂದರೆ ಪಿಸ್ತೂಲಿನ ಒರೆ, ಅಂಗಿಯ ಒಳಗೆ. ಹತ್ತು ಜನರಿಗೆ ಕಾಣುವ ಹಾಗೆ ಸಿಕ್ಕಿಸಿಕೊಂಡು ತಿರುಗುವವರು ನನ್ನ ಬರಹ ಓದುವುದೇ ಬೇಡ.

ಮೊದಲು ಗುಂಡಿನ ಮೂತಿಯ ವಿಷಯ. ಅಮೆರಿಕದ ವಿಡಿಯೋ ನೋಡಿದವರೆಲ್ಲ ಹಾಲೋ ಪಾಯಿಂಟ್, ಹಾಲೋ ಪಾಯಿಂಟ್ ಅನ್ನುತ್ತಾರೆ, ಅಂದರೆ ಮೂತಿಯಲ್ಲಿ ಕುಳಿ ಇದ್ದು ತಾಗಿದಾಗ ಅರಳುವ ಗುಂಡು. ಅವರ ದೊಡ್ಡ ಬೋರಿಗೆ ಅದು ಸರಿಯೇ. ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ 1986ರ ಮಯಾಮಿ ಗುಂಡಿನ ಕಾಳಗದಲ್ಲಿ ತನ್ನವರನ್ನು ಕಳೆದುಕೊಂಡ ಮೇಲೆ ಒಂದು ಅಳತೆ ಹಾಕಿಕೊಂಡಿತು. ಮೈಮಾಂಸದ ಬದಲಿಗೆ ಪರೀಕ್ಷೆಗೆ ಬಳಸುವ ಜೆಲಾಟಿನ್ ಮುದ್ದೆಯಲ್ಲಿ ಗುಂಡು ಕನಿಷ್ಠ 12 ಇಂಚು ಹೋಗಬೇಕು, 18 ದಾಟಬಾರದು. ನಮ್ಮ ಪಾಯಿಂಟ್ 32ರ ಗುಂಡಿನ ತೂಕ 71 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ವೇಗ ಸೆಕೆಂಡಿಗೆ 900 ಅಡಿ ಆಸುಪಾಸು, ನಳಿಗೆ ಗಿಡ್ಡ ಇದ್ದರೆ ಇನ್ನೂ ಕಡಿಮೆ. ಇಷ್ಟು ಸಣ್ಣ ಶಕ್ತಿಯಲ್ಲಿ ಮೂತಿ ಅರಳಿತು ಅಂದರೆ ಗುಂಡು ಬೇಕಾದಷ್ಟು ಆಳಕ್ಕೆ ಹೋಗುವುದಿಲ್ಲ. ಅರಳದಿದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಟ್ಟದ್ದು ದಂಡ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಅಮೆರಿಕದ ಬಂದೂಕು ವಿನ್ಯಾಸಕ ಬ್ರೌನಿಂಗ್ 1899ರ ಹೊತ್ತಿಗೆ ಮಾಡಿದ ಈ ಕಾಡತೂಸಿಗೆ ಹಿಂದೆ ಸಣ್ಣ ಅಂಚು ಇದೆ. ಹಾಲೋ ಪಾಯಿಂಟ್ ಉದ್ದ ಕಡಿಮೆ. ಕಾಡತೂಸು ಒಂದರ ಮೇಲೊಂದು ತುಂಬುವ ಮ್ಯಾಗಜೀನಿನಲ್ಲಿ ಹಿಂದೆ ಮುಂದೆ ಅಲ್ಲಾಡಿ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಳೆದರೂ ಬಿಡುವುದಿಲ್ಲ. ಮ್ಯಾಗಜೀನ್ ತೆಗೆದು ಕೂತು ಬಿಡಿಸಬೇಕು. ಘಟ್ಟದ ತಿರುವಿನಲ್ಲಿ ಅಷ್ಟು ಪುರುಸೊತ್ತು ಯಾರು ಕೊಡುತ್ತಾರೆ? ಹಾಗಾಗಿ ನನ್ನದು ದುಂಡು ಮೂತಿಯ, ಪೂರ್ತಿ ಕವಚ ಇರುವ ಗುಂಡು. ಅದು ದಾಟಿ ಹೋಗುವ ಸಾಧ್ಯತೆ ಇದೆ, ಹಿಂದೆ ಯಾರಿದ್ದಾರೆ ಅಂತ ನೋಡಲೇಬೇಕು. ಅದು ಹೊಡೆಯುವವನ ಜವಾಬ್ದಾರಿ, ಕಾಡತೂಸಿನದ್ದಲ್ಲ.

ಇಷ್ಟು ಪುಸ್ತಕದ ಮಾತಾಯಿತು. ನಮ್ಮ ಊರಿನ ನಿಜವಾದ ಶತ್ರು ಮಳೆ ಮತ್ತು ಉಪ್ಪುಗಾಳಿ. ಕುಮಟಾದಲ್ಲಿ ಜೂನ್ ಬಂತೆಂದರೆ ಬೀಗದ ಕೈ ಕೂಡ ತುಕ್ಕು. ಮೊದಲಿನ ವರ್ಷಗಳಲ್ಲಿ ಮಳೆಗಾಲ ಕಳೆದ ಕಾಡತೂಸು ಹೊಡೆದರೆ ಹತ್ತಕ್ಕೆ ಒಂದಾದರೂ ಬರೀ ಟಕ್ ಅನ್ನುತ್ತಿತ್ತು. ಕಾಡತೂಸಿನ ಹಿಂಬದಿಗೆ ಬಡಿಯುವ ಪಿನ್ನಿನ ಗುರುತು ಆಳವಾಗಿಯೇ ಬಿದ್ದಿರುತ್ತಿತ್ತು, ಹಾಗಾಗಿ ಪಿಸ್ತೂಲಿನ ದೋಷ ಅಲ್ಲ. ಅಂಗಡಿಯವರು ಪಿಸ್ತೂಲು ರಿಪೇರಿಗೆ ಕಳಿಸಿ ಅಂದರು. ಅದಕ್ಕೂ ದುಡ್ಡು ಸುರಿದೆ, ಸ್ಪ್ರಿಂಗ್ ಬದಲಾಯಿತು, ಟಕ್ ಮಾತ್ರ ನಿಲ್ಲಲಿಲ್ಲ.

ಕಾರಣ ಎಣ್ಣೆ. ನಮ್ಮಲ್ಲಿ ಮಳೆಗಾಲಕ್ಕೆ ಕೋವಿಗೆ ಎಣ್ಣೆ ಸುರಿಯುವ ರೂಢಿ ಇದೆ. ಹಿರಿಯರ ತೋಟಾ ಕೋವಿಯನ್ನು ಖಾಲಿ ಮಾಡಿ ಗೋಡೆಗೆ ನೇತುಹಾಕುತ್ತಿದ್ದರು, ಅದಕ್ಕೆ ನಡೆಯುತ್ತಿತ್ತು. ತುಂಬಿದ ಪಿಸ್ತೂಲಿಗೆ ನಡೆಯುವುದಿಲ್ಲ. ತುಕ್ಕು ಬಿಡಿಸುವ ತೆಳು ಸ್ಪ್ರೇ ಇನ್ನೂ ಕೆಟ್ಟದ್ದು, ಪಿನ್ನು ಬಡಿದಾಗ ಕಿಡಿ ಕೊಡುವ ಸಣ್ಣ ಟೋಪಿಯಾದ ಪ್ರೈಮರಿನ ಸಂದಿಯಲ್ಲಿ ಇಳಿದು ಒಳಗಿನ ಮದ್ದನ್ನೇ ಸಾಯಿಸುತ್ತದೆ. ಇದನ್ನು ಹೇಳಿದಾಗ ಊರಿನ ಹಿರಿಯರೊಬ್ಬರು, "ತಮಾ, ನಾ ನಲವತ್ತು ವರ್ಷ ಎಣ್ಣೆ ಹಚ್ಚಿದ್ದೆ" ಅಂದರು. ಅವರ ಪೆಟ್ಟಿಗೆಯಿಂದಲೇ ಕೆಲವನ್ನು ತರಲು ಹೇಳಿ ರೇಂಜಿನಲ್ಲಿ ಅವರ ಕೈಯಲ್ಲೇ ಹೊಡೆಸಿದೆ. ಅರ್ಧ ಮಾತ್ರ ಸಿಡಿಯಿತು. ಈಗ ಅವರೂ ಒಣಬಟ್ಟೆ ಹಿಡಿದಿದ್ದಾರೆ.

ಎಲ್ಲಿ ಇಡಬೇಕು ಅನ್ನುವುದಕ್ಕೆ ಒಂದು ಸಣ್ಣ ಪ್ರಯೋಗ ಮಾಡಿದೆ. ಹೊಸ ಕಬ್ಬಿಣದ ಮೊಳೆಗಳನ್ನು ತಂದು ಒಂದನ್ನು ಬೀರುವಿನಲ್ಲಿ ಸುಮ್ನೆ ಇಟ್ಟೆ, ಒಂದನ್ನು ಅಕ್ಕಿ ಹಾಕಿದ ಡಬ್ಬದಲ್ಲಿ, ಒಂದನ್ನು ರಬ್ಬರ್ ಅಂಚಿನ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ, ಒಂದನ್ನು ಚರ್ಮದ ಚೀಲದಲ್ಲಿ. ಬೀರುವಿನದ್ದು ವಾರದಲ್ಲೇ ಕೆಂಪಾಯಿತು. ಅಕ್ಕಿಯದ್ದು ಸ್ವಲ್ಪ ತಡೆಯಿತು, ಆಮೇಲೆ ಅಕ್ಕಿಗೇ ಬೂಸ್ಟು. ಸಿಲಿಕಾದ್ದು ಚೌತಿಯವರೆಗೂ ಹೊಳೆಯುತ್ತಿತ್ತು. ಎಲ್ಲಕ್ಕಿಂತ ಹಾಳಾದದ್ದು ಚರ್ಮದ್ದು. ಕಾಡತೂಸಿನ ಹಿತ್ತಾಳೆಯ ಕೇಸಿಗೂ (ಮದ್ದು ತುಂಬಿದ ಕೊಳವೆ) ಅದೇ ಗತಿ, ಚರ್ಮಕ್ಕೆ ತಾಗಿದಲ್ಲಿ ಹಸಿರು ಕಿಲುಬು. ಚರ್ಮದ ಬೆಲ್ಟಿನ ಕುಣಿಕೆಯಲ್ಲಿ ಕಾಡತೂಸು ಸಿಕ್ಕಿಸಿಡುವವರು ಇವತ್ತೇ ತೆಗೆದು ನೋಡಿ. ನನ್ನ ಹೋಲ್ಸ್ಟರ್ ಈಗ ಪ್ಲಾಸ್ಟಿಕ್ಕಿನದ್ದು. ಸಾವಿರಗಟ್ಟಲೆ ಕೊಟ್ಟ ಚರ್ಮದ್ದು ಅಟ್ಟದಲ್ಲಿದೆ.

ಆಮೇಲೆ ಬಕೆಟ್ ಪರೀಕ್ಷೆ. ಎರಡು ಬ್ರ್ಯಾಂಡಿನ ಕೆಲವು ಕಾಡತೂಸುಗಳನ್ನು ರಾತ್ರಿಯಿಡೀ ನೀರಿನಲ್ಲಿಟ್ಟು, ಒರೆಸಿ, ರೇಂಜಿಗೆ ಒಯ್ದೆ. ಮನೆಯಲ್ಲಿ ನಕ್ಕರು. ಆದರೆ ಗೊತ್ತಾದದ್ದು ದೊಡ್ಡ ವಿಷಯ. ಒಂದೇ ಬ್ರ್ಯಾಂಡಿನಲ್ಲೂ ಲಾಟಿನಿಂದ ಲಾಟಿಗೆ (ಲಾಟು ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತು) ವ್ಯತ್ಯಾಸ ಇದೆ. ಪ್ರೈಮರ್ ಸುತ್ತ ಬಣ್ಣದ ಸೀಲು ಚೆನ್ನಾಗಿ ಕೂತಿದ್ದ ಲಾಟು ಪೂರ್ತಿ ಸಿಡಿಯಿತು. ಸೀಲು ಅರೆಬರೆ ಇದ್ದದ್ದರಲ್ಲಿ ಒಂದು ಬರೀ ಟುಸ್ ಅಂದಿತು. ಅಂಥ ಸದ್ದು ಬಂದರೆ ಏನು ಮಾಡಬೇಕು ಅಂತ ನಿಮಗೆ ಗೊತ್ತಿದೆ, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿದೆಯೋ ಎಂದು ನೋಡದೆ ಮುಂದಿನದನ್ನು ಹೊಡೆಯಬೇಡಿ. ಸೀಲಿಗೆ ಉಗುರುಬಣ್ಣ ಹಚ್ಚಿ ನೋಡಿದವರು ತುಂಬ ಜನ. ನಾನೂ ಹಚ್ಚಿದೆ. ದಪ್ಪ ಆದರೆ ಚೇಂಬರಿನಲ್ಲಿ (ನಳಿಗೆಯ ಹಿಂದೆ ಕಾಡತೂಸು ಕೂರುವ ಜಾಗ) ಅಂಟುತ್ತದೆ. ಈಗ ನಾನು ಹಚ್ಚುವುದು ಬೇರೆ ಒಂದು, ಹಚ್ಚುವ ರೀತಿಯೂ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟು ನೋಡಿದ ಮೇಲೂ ಒಂದು ತೊಂದರೆ ಉಳಿದಿತ್ತು. ದಿನಾ ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ತುಂಬುವುದು ನನ್ನ ಕ್ರಮ. ಪ್ರತಿ ಸಲ ಚೇಂಬರಿಗೆ ಹೋಗುವುದು ಮೇಲಿನ ಅದೇ ಕಾಡತೂಸು. ಮೂತಿ ತಾಗಿ ತಾಗಿ ಗುಂಡು ಕೇಸಿನ ಒಳಗೆ ಸರಿಯುತ್ತದೆ. ಒಳಗೆ ಸರಿದಷ್ಟೂ ಸಿಡಿಯುವಾಗ ಒತ್ತಡ ಜಾಸ್ತಿ. ಲೇತ್ ಅಂಗಡಿಯ ಗೆಳೆಯನ ವರ್ನಿಯರ್ ತಂದು ಅಳೆದೆ. ಹೊಸದು 25 ಮಿಲಿಮೀಟರಿಗೆ ಒಂಚೂರು ಕಡಿಮೆ ಇರುತ್ತದೆ. ನನ್ನದು ಮುಕ್ಕಾಲು ಮಿಲಿಮೀಟರ್ ಒಳಗೆ ಹೋಗಿತ್ತು! ಈಗ ಚೇಂಬರಿಗೆ ಹೋದದ್ದಕ್ಕೆಲ್ಲ ಪೆನ್ನಿನಲ್ಲಿ ಒಂದು ಚುಕ್ಕೆ. ಮೂರು ಚುಕ್ಕೆ ಆದರೆ ಅಭ್ಯಾಸದ ಡಬ್ಬಕ್ಕೆ.

ಯಾವ ಬ್ರ್ಯಾಂಡ್ ಅಂತ ಕೇಳುವವರಿಗೆ: ಪುಣೆಯ ಖಡಕಿ ಕಾರ್ಖಾನೆಯದ್ದು, ಅದು ಸಿಗದಿದ್ದರೆ ಜೆಕ್ ದೇಶದ ಸೆಲಿಯರ್ ಬೆಲ್ಲೊ. ಎರಡನೆಯದು ನನ್ನ ಪಿಸ್ತೂಲಿನಲ್ಲಿ ಸ್ವಲ್ಪ ನಯವಾಗಿ ಓಡುತ್ತದೆ, ಬೆಲೆ ಮಾತ್ರ ಜೋರು. ನಾನು ಹೆಚ್ಚಾಗಿ ಖಡಕಿಯದ್ದೇ ಹಾಕುತ್ತೇನೆ, ಯಾಕೆಂದರೆ ಅಭ್ಯಾಸಕ್ಕೂ ಸೊಂಟಕ್ಕೂ ಒಂದೇ ಇರಬೇಕು. ಬೇರೆ ಬೇರೆ ಇಟ್ಟರೆ ಪರೀಕ್ಷೆ ಮಾಡಿದ್ದು ಒಂದು, ನಂಬಿದ್ದು ಇನ್ನೊಂದು ಆಗುತ್ತದೆ. ಲೈಸೆನ್ಸಿನಲ್ಲಿ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಬರೆದಿರುತ್ತದೆ. ಆ ಲೆಕ್ಕದಲ್ಲೇ ಒಂದು ಲಾಟು ಪೂರ್ತಿ ಒಟ್ಟಿಗೆ ತರುತ್ತೇನೆ. ಅದರಲ್ಲಿ ಮೂರನೇ ಒಂದು ಭಾಗ ಹೊಡೆದು ನೋಡಿದ ಮೇಲೆಯೇ ಉಳಿದದ್ದಕ್ಕೆ ಸೊಂಟದಲ್ಲಿ ಜಾಗ. ಒಂದಕ್ಕೆ ನೂರು ರೂಪಾಯಿ ಮೇಲೆ ಬೀಳುವಾಗ ಕರುಳು ಚುರ್ ಅನ್ನುವುದು ನಿಜ. ವರ್ಷಕ್ಕೆ ಎಲ್ಲ ಸೇರಿ ಏಳೆಂಟು ಸಾವಿರ ಹೋಗುತ್ತದೆ, ರೇಂಜಿಗೆ ಹೋಗಿಬರುವ ಪೆಟ್ರೋಲ್ ಬೇರೆ. ಮೊದಲು ರಿಪೇರಿಗೆ ಹಾಕಿದ್ದು ಇದರ ಮೂರು ಪಟ್ಟು.

ಚುನಾವಣೆ ಬಂದಾಗ ಪಿಸ್ತೂಲಿನ ಜೊತೆ ಠಾಣೆಯಲ್ಲಿ ಠೇವಣಿ ಇಟ್ಟು ವಾಪಸ್ ತಂದ ಕಾಡತೂಸನ್ನು ನಾನು ಮತ್ತೆ ಸೊಂಟಕ್ಕೆ ಹಾಕುವುದಿಲ್ಲ. ಅಲ್ಲಿ ಯಾವ ಮೂಲೆಯಲ್ಲಿ, ಎಷ್ಟು ತೇವದಲ್ಲಿ ಇತ್ತು ಅಂತ ನಮಗೆ ಹೇಗೆ ಗೊತ್ತಾಗಬೇಕು? 2024ರಲ್ಲಿ ವಾಪಸ್ ಬಂದದ್ದನ್ನೆಲ್ಲ ಅಭ್ಯಾಸಕ್ಕೆ ಹೊಡೆದು ಮುಗಿಸಿದೆ. ಠೇವಣಿ ಇಡುವಾಗ ರಸೀದಿಯಲ್ಲಿ ಕಾಡತೂಸಿನ ಸಂಖ್ಯೆ ಮತ್ತು ಲಾಟ್ ನಂಬರ್ ಎರಡನ್ನೂ ಬರೆಸಿಕೊಳ್ಳಿ.

ಈಗ ಅಂಕೋಲೆಯ ಗೆಳೆಯರೊಬ್ಬರ ಪಾಯಿಂಟ್ 32 ರಿವಾಲ್ವರಿಗೆ ಇದೇ ಕ್ರಮ ಶುರು ಮಾಡಿದ್ದೇವೆ. ಅದರದ್ದು 98 ಗ್ರೇನಿನ ಬರೀ ಸೀಸದ ಗುಂಡು, ಕೇಸು ಉದ್ದ. ರಿವಾಲ್ವರಿಗೆ ಮ್ಯಾಗಜೀನೇ ಇಲ್ಲ, ಹಾಗಾಗಿ ಅಂಚು ಸಿಕ್ಕಿಕೊಳ್ಳುವ ಮಾತೇ ಇಲ್ಲ. ಆದರೆ ಅವರ ಮನೆ ಸಮುದ್ರಕ್ಕೆ ಇನ್ನೂ ಹತ್ತಿರ. ಮೊಳೆ ಮತ್ತು ಡಬ್ಬ ಆಗಲೇ ಇಟ್ಟಾಗಿದೆ. ಅಕ್ಟೋಬರಿನಲ್ಲಿ ಹೊಡೆದು ನೋಡಿ ಮತ್ತೆ ಬರೆಯುತ್ತೇನೆ.